ನಮ್ಮ ಗುಡ್ಡದ ಗರಸು

ಬಯಲಿನ ಮಣ್ಣೆಲ್ಲ ಗಾಳಿಗೆ ಹಾರಿಹೋದ ಮೇಲೆ, ಒಂದು ಗೇಣಿಗಿಂತ ಆಳವಾದ ಮಣ್ಣು ಎಲ್ಲಿದ್ದರೂ ಅದು ಸರಕಾರದ್ದು. ಅದನ್ನು ಹುಡುಕುತ್ತ ಮಣ್ಣಿನ ಅಮಲ್ದಾರ ನಮ್ಮ ಕುರಿ ಮೇಯುವ ಗುಡ್ಡಕ್ಕೂ ಬಂದ. ಹೆಜ್ಜೆಗೊಮ್ಮೆ ಸಲಾಕೆ ಚುಚ್ಚಿದ. ಎಲ್ಲ ಕಡೆಯೂ ಅದು ನಾಲ್ಕು ಬೆರಳು ಇಳಿದು ಕಲ್ಲಿಗೆ ಠಣ್ ಎಂದಿತು.

"ಇದೂ ಒಂದು ಮಣ್ಣೇನಜ್ಜಾ? ಬರೀ ಗರಸು. ಈ ಕಲ್ಲುಗಳನ್ನಾದರೂ ಆರಿಸಿ ಹಾಕಬಾರದೆ?"

"ಆರಿಸಿದ್ದರೆ ಇದೂ ನಿಮ್ಮ ಬಯಲಿನ ಹಾಗೆ ಹಾರಿಹೋಗುತ್ತಿತ್ತು, ಸ್ವಾಮಿ. ಕಲ್ಲು ಹಿಡಿದುಕೊಂಡದ್ದಕ್ಕೇ ಇಲ್ಲಿ ಹುಲ್ಲಿದೆ. ಓದಿದವರಿಗೆ ಕುರಿಗಿರುವಷ್ಟೂ ತಿಳಿವಳಿಕೆ ಇಲ್ಲವಲ್ಲ!" ಎಂದೆ ನಾನು.

ಅವನು ನಕ್ಕು, ಬೀರಪ್ಪನ ಗುಡಿಯ ಪಕ್ಕದಲ್ಲಿ ಚುಚ್ಚಿದ. ಸಲಾಕೆ ಎರಡು ಮೊಳ ಇಳಿಯಿತು.

"ಸಿಕ್ಕಿತು! ನಾಳೆಯೇ ಆಳು ಕಳಿಸಿ ತೋಡಿಸುತ್ತೇನೆ."

"ಅಲ್ಲಿ ನನ್ನ ಹೆಂಡತಿ ಕೆಂಚವ್ವ ಮಲಗಿದ್ದಾಳೆ. ಹೋದ ಶ್ರಾವಣದಲ್ಲಿ ಹಗಲೆಲ್ಲ ಹಾರೆ ಹಾಕಿ ಬಂಡೆ ಒಡೆದೆ. ಗುಡ್ಡವನ್ನೆಲ್ಲ ಗುಡಿಸಿ ತಂದ ಮಣ್ಣನ್ನು ಅವಳಿಗೆ ಹೊದಿಸಿದೆ."

ಅವನು ಸಲಾಕೆ ಕಿತ್ತುಕೊಂಡ. "ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲವಲ್ಲಜ್ಜಾ" ಎಂದ.

"ನಿಮ್ಮ ಪುಸ್ತಕಕ್ಕೆ ಬೆಂಕಿ ಬೀಳಲಿ. ಸಮಾಧಿಯ ಹತ್ತಿರ ಬಂದವರು ಒಂದು ಹಿಡಿ ಮಣ್ಣು ಹಾಕಬೇಕು. ಎತ್ತುವುದನ್ನಷ್ಟೇ ಕಲಿತಿದ್ದೀರೋ, ಹಾಕುವುದೂ ಗೊತ್ತೋ?"

ಅವನು ಸುತ್ತ ಬಗ್ಗಿ ನೋಡಿದ. ಕಲ್ಲು ಬಿಟ್ಟರೆ ಏನೂ ಕೈಗೆ ಬರಲಿಲ್ಲ. ಕೊನೆಗೆ ಊರೂರಿನ ಮಣ್ಣಿನ ಮಾದರಿ ತುಂಬಿದ್ದ ತನ್ನ ಚೀಲಕ್ಕೇ ಕೈ ಹಾಕಿ, ಒಂದು ಹಿಡಿ ತೆಗೆದು ಕೆಂಚವ್ವನ ಮೇಲೆ ಹಾಕಿದ. ಆಮೇಲೆ ಪುಸ್ತಕ ತೆರೆದು, "ಇಲ್ಲಿ ಬಂಡೆ" ಎಂದು ಬರೆದ.

ಅಷ್ಟು ಓದಿದವನು ಬರೆದ ಒಂದೇ ಒಂದು ಒಳ್ಳೆಯ ಮಾತು ಅದು. ಅದೂ ಸುಳ್ಳು.