ನಾಳಿನ ಸಾರು

ಬೇಸರವಾದವರು ನೆಲ ಬಿಟ್ಟು ತೇಲುವುದು ನಮ್ಮೂರಲ್ಲಿ ನೆಗಡಿಯಷ್ಟೇ ಸಾಮಾನ್ಯ. ಅಂಚೆ ಕಚೇರಿಯಿಂದ ನಿವೃತ್ತನಾದ ಗುರುಬಸಪ್ಪ ಊಟದ ಹೊತ್ತಿಗೆ ತೊಲೆಗೆ ತಲೆ ತಾಗಿಸಿಕೊಂಡು ತೇಲುತ್ತಿರುತ್ತಾನೆ. ಅವನನ್ನು ಇಳಿಸಲು ಹೆಂಡತಿ ನೀಲಗಂಗಾ ಸಾರಿಗೆ ದಿನಕ್ಕೊಂದು ಗುಟ್ಟಿನ ಪದಾರ್ಥ ಹಾಕುತ್ತಾಳೆ.

“ಇವತ್ತ ಏನ್ ಹಾಕೇನಿ, ಹೇಳ್ರಿ ನೋಡೋಣು.”

ಅವನು ತೂಗುತ್ತ ಇಳಿದು, ಬಟ್ಟಲಿಗೆ ಬೆರಳದ್ದಿ ಚೀಪಿದ. “ಮಾವಿನ ಹೂವು?”

“ಏನೂ ಹಾಕಿಲ್ರಿ. ಹನ್ನೊಂದು ವರ್ಷ ಆತು, ನನಗೂ ಸಾಕಾಗೇತಿ.”

ಆಗಲೇ ಅವನು ಗಮನಿಸಿದ್ದು: ಅವಳ ಸೀರೆಯಂಚು ನೆಲದಿಂದ ಗೇಣು ಮೇಲಿತ್ತು. ಬಿಸಿಲು ತುಂಬಿದ ಕಿಟಕಿಯತ್ತ ಅವಳು ಹಗುರವಾಗಿ ಸರಿಯುತ್ತಿದ್ದಳು.

“ನೀಲಾ, ನಾಳಿ ಸಾರು ನಾ ಮಾಡ್ತೀನಿ!”

ಒಮ್ಮೆಯೂ ಒಲೆ ಹಚ್ಚದ ಗಂಡನನ್ನು ಅವಳು ತಿರುಗಿ ನೋಡಿದಳು.

“ನೀವಾ? ಏನ್ ಹಾಕ್ತೀರಿ?”

“ಹೇಳಂಗಿಲ್ಲ.”

ಅವಳ ಎರಡೂ ಹಿಮ್ಮಡಿ ಧೊಪ್ಪನೆ ನೆಲ ಮುಟ್ಟಿದವು.