ಮರದ ನೆರಳಿನ ಮಡಿ

ತಕ್ಕಡಿಯ ಮೇಲೆ ಮೊದಲು ಅಕ್ಕನ ಮೆಕ್ಕೆಜೋಳ ಏರಿತು, ಆಮೇಲೆ ತಂಗಿಯದು. ತಳಿ ಸಂಶೋಧನಾ ಕೇಂದ್ರದ ನಿರ್ದೇಶಕರು ಅಂಕಿಗಳನ್ನು ಎರಡು ಸಲ ನೋಡಿ, "ಮುನ್ನೂರು ಗ್ರಾಂ ಹೆಚ್ಚು. ಅಕ್ಕನದ್ದೇ ಗೆದ್ದಿತು," ಎಂದರು.

ಅಕ್ಕನ ಮುಖ ಅರಳಬೇಕಿತ್ತು; ಅವಳು ತಕ್ಕಡಿಯಿಂದ ಕಣ್ಣು ತಿರುಗಿಸಿದಳು.

ಆ ಕೇಂದ್ರದಲ್ಲಿ ಅವಳದು ಹದಿನೆಂಟು ವರ್ಷದ ದುಡಿಮೆ. ಬಿಸಿಲಲ್ಲಿ ಬೆಂದು, ಗಿಡದಿಂದ ಗಿಡಕ್ಕೆ ಪರಾಗ ಹಾಕಿ, ಯಾವ ತಳಿಗೆ ಯಾವುದು ಜೋಡಿ ಎಂದು ಕಣ್ಣಳತೆಯಲ್ಲೇ ಹೇಳುತ್ತಿದ್ದಳು. ತಂಗಿ ಸೇರಿ ಎರಡೇ ವರ್ಷ. ಕಂಪ್ಯೂಟರ್ ಬಿಟ್ಟು ಏಳುತ್ತಿರಲಿಲ್ಲ. ಅಂಥವಳು ಅಕ್ಕ ಬೇಡವೆಂದು ಬಿಟ್ಟಿದ್ದ ಎರಡು ಬಡಕಲು ತಳಿಗಳನ್ನು ಆರಿಸಿ, "ಇವೆರಡನ್ನೂ ಕೂಡಿಸಿದ್ರೆ ನಿನ್ನ ತಳೀನೂ ಮೀರಿಸುತ್ತೆ ನೋಡಕ್ಕ," ಎಂದಿದ್ದಳು.

"ಕಡ್ಡಿಗೆ ಕಡ್ಡಿ ಕೂಡಿಸಿದ್ರೆ ಕಂಬ ಆಗುತ್ತಾ?"

"ಒಂದೊಂದೇ ನೋಡಿದ್ರೆ ಎರಡೂ ಕಡ್ಡೀನೇ. ಆದ್ರೆ ಇದರ ಜೀನ್ ಅದರ ಜೀನ್ ಜೊತೆ ಸೇರಿದಾಗ ಬೇರೇನೇ ಕೆಲಸ ಮಾಡುತ್ತೆ. ನನ್ನ ಕಂಪ್ಯೂಟರ್ ಲೆಕ್ಕ ಹಿಡಿಯೋದು ಆ ಸೇರಿಕೆಯನ್ನ."

ಕೇಂದ್ರದವರೆಲ್ಲ ತಲೆದೂಗಿದ್ದರು. ಮನೆಯಲ್ಲಿ ಊಟಕ್ಕೆ ಕೂತಾಗ ಅಮ್ಮ ಕೂಡ, "ಚಿಕ್ಕವಳದ್ದು ಬಲು ಚುರುಕು ತಲೆ," ಎಂದುಬಿಟ್ಟಳು. ಅಂದು ಅಕ್ಕನ ಹೊಟ್ಟೆಯಲ್ಲಿ ಹೊತ್ತಿದ ಕಿಡಿ ಆರಲಿಲ್ಲ. ಬಿತ್ತನೆಯ ದಿನ ಯಾವ ತಳಿಗೆ ಹೊಲದ ಯಾವ ಮಡಿ ಎಂದು ಚೀಟಿ ಎತ್ತಿ ನಿರ್ಧರಿಸಬೇಕಾದವಳು ಎತ್ತಲೇ ಇಲ್ಲ. ತಂಗಿಯದನ್ನು ಬೇಲಿ ಪಕ್ಕದ ದೊಡ್ಡ ಮರದ ನೆರಳಿಗೆ ತಳ್ಳಿ, ತನ್ನದನ್ನು ನಡುಹೊಲದ ಒಳ್ಳೆಯ ಮಣ್ಣಿಗೆ ಬರೆದುಕೊಂಡಳು. ನೆರಳಲ್ಲೂ ತಂಗಿಯ ಗಿಡಗಳು ತೋಳಿನಷ್ಟು ದಪ್ಪ ತೆನೆ ಬಿಟ್ಟಾಗ ಅಕ್ಕ ಆ ಕಡೆ ಹೋಗುವುದನ್ನೇ ಬಿಟ್ಟಳು.

ತೂಕ ಮುಗಿದು ಎಲ್ಲರೂ ಹೋದ ಮೇಲೆ ತಂಗಿ ಕಂಪ್ಯೂಟರ್ ಮುಂದೆ ಕೂತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ನಿನ್ನ ಕಣ್ಣಳತೇನೇ ಸರಿ ಅಕ್ಕ. ಆ ಸೇರಿಕೆಯ ಭಾಗಾನೇ ಲೆಕ್ಕದಿಂದ ಅಳಿಸಿಬಿಡ್ತೀನಿ. ಎರಡು ವರ್ಷ ಸುಮ್ಮನೆ ದಾರಿ ತಪ್ಪಿದ್ದೆ."

ಬೆರಳು ಆಗಲೇ ಅಳಿಸುವ ಗುಂಡಿಯ ಮೇಲಿತ್ತು. ಅಕ್ಕ ಗಬಕ್ಕನೆ ಅವಳ ಕೈ ಹಿಡಿದಳು.

"ಅಳಿಸಬೇಡ. ನಾನು ಚೀಟಿ ಎತ್ತಲಿಲ್ಲ. ನಿಂದನ್ನ ಬೇಕಂತಲೇ ನೆರಳಿಗೆ ಹಾಕಿದೆ."

ತಂಗಿ ಮೆಲ್ಲನೆ ಕೈ ಬಿಡಿಸಿಕೊಂಡಳು. ಪರದೆಯ ಅಂಕಿಗಳತ್ತ ತಿರುಗಿದಳು.

"ಸರಿಯಾಗಿ ಹಾಕಿದ್ರೂ ನಿಂದೇ ಗೆಲ್ತಿತ್ತೋ ಏನೋ," ಎಂದಳು. "ಈಗ ಅದು ನಿನಗೂ ಗೊತ್ತಾಗಲ್ಲ."