ಕಿವಿಗೆ ಸುರಿದ ವಿನೆಗರ್

ಬಡಗಿ ಮಾವ ಸುತ್ತಿಗೆಯನ್ನು ತಲೆಯ ಮೇಲೆತ್ತಿದಾಗ ಅವರ ಮುಂಗೈಯಿಂದ ನೆತ್ತರು ಮರದ ಹೊಟ್ಟಿನ ಮೇಲೆ ತೊಟ್ಟಿಕ್ಕುತ್ತಿತ್ತು. “ಸರಿಯೇ ಆಚೆ! ಅನ್ನ ಹಾಕಿದ ಕೈಯನ್ನೇ ಕಚ್ಚಿದೆ. ಇವತ್ತು ಇದರ ಕಥೆ ಮುಗಿಸ್ತೀನಿ.”

ಸೊಸೆ ಅಲುಗಲಿಲ್ಲ. ಅವಳ ಹಿಂದೆ, ಮೇಜಿನಡಿಯಲ್ಲಿ, ನಾಯಿ ಹಲ್ಲು ಕಿರಿದು ನಡುಗುತ್ತಿತ್ತು. ಕೆರೆದು ಕೆರೆದು ಹುಣ್ಣಾಗಿದ್ದ ಅದರ ಕಿವಿಗೆ, ಉಳಿಗಳ ತುಕ್ಕು ಬಿಡಿಸಲು ಇಟ್ಟಿದ್ದ ವಿನೆಗರನ್ನು ಸುರಿದವರು ಮಾವನೇ. ಅವಳು ಬೇಡವೆಂದರೂ ಕೇಳಿರಲಿಲ್ಲ, “ತುಕ್ಕನ್ನೇ ತಿನ್ನುತ್ತೆ, ಕೀವು ಯಾವ ಲೆಕ್ಕ?” ಎಂದು ನಕ್ಕಿದ್ದರು. ಈಗ ಆ ಸುತ್ತಿಗೆ ಇಳಿಯುವ ಮೊದಲೇ ಅವಳು ಬಾಟಲಿಯಲ್ಲಿ ಉಳಿದದ್ದನ್ನು ಮಾವನ ಗಾಯಕ್ಕೆ ಎರಚಿದಳು.

“ಅಯ್ಯಯ್ಯೋ, ಸತ್ತೆ!” ಮಾವ ಚೀರಿ ಸುತ್ತಿಗೆಯನ್ನು ಅವಳತ್ತಲೇ ಬೀಸಿದರು. ಅದು ಅವಳ ಕೆನ್ನೆಯ ಪಕ್ಕದಲ್ಲೇ ಹಾದು ಹೊಸ ಕಪಾಟಿನ ಬಾಗಿಲನ್ನು ಸೀಳಿ ಅಲ್ಲೇ ಸಿಕ್ಕಿಕೊಂಡಿತು.

“ಉರಿ ತಡೆಯೋಕಾಗದೆ ನೀವು ನನ್ನ ತಲೇನೇ ಒಡೀತಿದ್ರಿ, ಮಾವ,” ಎಂದಳು ಸೊಸೆ, ಜಾಗ ಬಿಡದೆ. “ಅದು ಬರೀ ಕಚ್ಚಿತು.”

ಮಾವ ಸುತ್ತಿಗೆಯ ಹಿಡಿಯನ್ನು ಬಿಟ್ಟರು.

“ಗಾಡಿ ತೆಗಿಯಮ್ಮ, ಡಾಕ್ಟರ ಹತ್ರ ಹೋಗೋಣ,” ಎಂದವರು ಮೇಜಿನಡಿಗೆ ಬಗ್ಗಿ ನೋಡಿದರು. “ಮೊದಲು ಅದಕ್ಕೆ ತೋರಿಸೋಣ.”